ನೆತ್ತರಿನ ತವರುಮನೆ

1960ನೆಯ ಇಸವಿಯ ಒಂದು ಭಾನುವಾರ. ಕೆನಡಾ ದೇಶದ ಟೊರಾಂಟೊ ನಗರದಲ್ಲಿದ್ದ ಒಂಟೇರಿಯೊ ಕ್ಯಾನ್ಸರ್ ಸಂಸ್ಥೆಯ ಪ್ರಯೋಗಶಾಲೆಗೆ ಡಾಕ್ಟರ್ ಅರ್ನೆಸ್ಟ್ ಮೆಕಲಕ್ ರಜೆಯ ದಿನವೆಂಬುದನ್ನೂ ಎಣಿಸದೆ ಬಂದಿದ್ದರು. ಅಲ್ಲಿ ಅವರಿಗಾಗಿ ಕಾದಿದ್ದುವು ಕೆಲವು ಇಲಿಗಳು. ಸುಮಾರು ಹತ್ತು ದಿನಗಳ ಹಿಂದೆ ಆ ಇಲಿಗಳ ಮೈಯ ಮೂಲಕ ಪ್ರಾಣಾಂತಿಕ ಪ್ರಮಾಣದ ವಿಕಿರಣವನ್ನು ಹಾಯಿಸಿ, ಆಮೇಲೆ ಆರೋಗ್ಯವಂತ ಇಲಿಗಳ ಮೂಳೆಯೊಳಗಿನ ಮಜ್ಜೆಯನ್ನು ಸೂಜಿಯಿಂದ ಅವುಗಳ ರಕ್ತನಾಳಕ್ಕೆ ಸೇರಿಸಲಾಗಿದ್ದಿತು. ಎಷ್ಟು ಮಜ್ಜೆ ಕೊಟ್ಟರೆ ಇಲಿ ಬದುಕೀತು ಎಂಬ ಲೆಕ್ಕ ಹಿಡಿಯುವುದೇ ಪ್ರಯೋಗದ ಉದ್ದೇಶ. ಆದರೆ ಮೆಕಲಕ್ ಇಲಿಗಳನ್ನು ಪರೀಕ್ಷಿಸುತ್ತಿದ್ದಾಗ ಉದ್ದೇಶದಲ್ಲಿಲ್ಲದ ಸಂಗತಿಯೊಂದು ಕಣ್ಣಿಗೆ ಬಿದ್ದಿತು. ಇಲಿಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿದ್ದುವು.

ನೋಡಿ ಸುಮ್ಮನಾಗಬಹುದಾಗಿದ್ದಿತು. ಮೆಕಲಕ್ ಅವುಗಳನ್ನು ಎಣಿಸಿದರು. ಯಾವ ಇಲಿಗೆ ಎಷ್ಟು ಮಜ್ಜೆಯ ಕಣಗಳನ್ನು ಕೊಟ್ಟಿತ್ತೆಂಬ ಪಟ್ಟಿಯ ಪಕ್ಕದಲ್ಲಿ ಗಂಟುಗಳ ಸಂಖ್ಯೆಯನ್ನು ಬರೆದು ನಕ್ಷೆ ಎಳೆದರು. ಕೊಟ್ಟ ಕಣಗಳು ಇಮ್ಮಡಿಯಾದರೆ ಗಂಟುಗಳೂ ಇಮ್ಮಡಿ, ಅರ್ಧವಾದರೆ ಅರ್ಧ. ಸುಮಾರು ಹತ್ತು ಸಾವಿರ ಕಣಗಳಿಗೆ ಒಂದು ಗಂಟು ಎಂಬ ಪ್ರಮಾಣ ಕಂಡುಬಂದಿತು. ಮನುಷ್ಯಶರೀರದ ಬಹು ದೊಡ್ಡ ಗುಟ್ಟೊಂದು ಈ ನಕ್ಷೆಯ ಗೆರೆಯಲ್ಲಿ ಅಡಗಿದ್ದಿತು. ಅದನ್ನು ಅರಿಯಬೇಕಾದರೆ ಮೊದಲು ರಕ್ತದ ಮನೆಯ ಆಯವ್ಯಯವನ್ನು ಸ್ವಲ್ಪ ನೋಡಬೇಕು.

ಮನುಷ್ಯನ ಮೈಯಲ್ಲಿರುವ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ ಎಂದು ಅಂದಾಜು. ಅವುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನವು ರಕ್ತದ ಕೆಂಪು ಕಣಗಳೇ ಎಂದರೆ ಯಾರಿಗಾದರೂ ಬೆರಗಾಗದಿರದು. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಿರುಫಲಕಗಳಿಗೆ ಎಂಟು ಹತ್ತು ದಿನ. ರೋಗಾಣುಗಳ ಮೇಲೆ ಮೊದಲು ಬೀಳುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳಂತೂ ನೆತ್ತರಿಗೆ ಇಳಿದ ಮೇಲೆ ಬಹುತೇಕ ಒಂದು ದಿನವನ್ನೂ ಪೂರೈಸಲಾರವು. ಹುಣ್ಣಿನ ಕೀವೆಂದು ಅಸಹ್ಯಪಡುವ ವಸ್ತು ಹೆಚ್ಚಾಗಿ ಕಾದು ಮಡಿದ ಈ ಕಣಗಳ ರಾಶಿಯೇ. ಸತ್ತವುಗಳ ಸ್ಥಾನದಲ್ಲಿ ಹೊಸವು ಬರಬೇಕಷ್ಟೆ? ಕೆಂಪು ಕಣಗಳ ಲೆಕ್ಕವೊಂದನ್ನೇ ಹಿಡಿದರೂ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು, ದಿನಕ್ಕೆ 20,000 ಕೋಟಿ ಹುಟ್ಟಬೇಕಾಗುತ್ತದೆ. ಮನುಷ್ಯ ಉಂಡು ಮಲಗಿರಲಿ, ಬಸ್ಸಿಗೆ ಓಡುತ್ತಿರಲಿ, ಈ ಕಾರ್ಖಾನೆಗೆ ಬಿಡುವೆಂಬುದಿಲ್ಲ.

ಕಾರ್ಖಾನೆ ಎಲ್ಲಿದೆ ಎಂಬುದೇ ಬಹುಕಾಲ ತಿಳಿದಿರಲಿಲ್ಲ. ಚರಕಸಂಹಿತೆಯು ರಕ್ತವಾಹಿ ಸ್ರೋತಸ್ಸುಗಳಿಗೆ ಯಕೃತ್ತು ಮತ್ತು ಪ್ಲೀಹಗಳು ಮೂಲವೆಂದು ಹೇಳುತ್ತದೆ. ಸಪ್ತಧಾತುಗಳ ಸಾಲಿನಲ್ಲಿಯೂ ರಕ್ತವು ಎರಡನೆಯದು, ಮಜ್ಜೆ ಆರನೆಯದು. ರಕ್ತ ಮೊದಲು, ಮಜ್ಜೆ ಆಮೇಲೆ. ಇಂದಿನ ವಿಜ್ಞಾನದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಆದರೂ ತಾಯಿಯ ಗರ್ಭದಲ್ಲಿರುವ ಶಿಶುವಿನ ಮಟ್ಟಿಗೆ ಯಕೃತ್ತೇ ಕೆಲವು ತಿಂಗಳ ಕಾಲ ರಕ್ತದ ಮುಖ್ಯ ಉತ್ಪತ್ತಿಸ್ಥಾನವೆಂಬುದು ಒಂದು ಸೋಜಿಗ. ಅದಕ್ಕೆ ಮೊದಲು ಅಂಡದ ಹಳದಿಚೀಲ, ಅನಂತರ ಯಕೃತ್ತು, ಕಡೆಗೆ ಮೂಳೆ, ಹೀಗೆ ರಕ್ತದ ಬೀಜ ಹುಟ್ಟುವುದಕ್ಕೆ ಮುಂಚೆಯೇ ಊರಿಂದೂರಿಗೆ ವಲಸೆ ಹೋಗುತ್ತದೆ. ಎಳೆಯ ಮಕ್ಕಳಲ್ಲಿ ಎಲ್ಲ ಮೂಳೆಗಳೂ ರಕ್ತವನ್ನು ತಯಾರಿಸುತ್ತವೆ. ಬೆಳೆದವರಲ್ಲಿ ಎದೆಯ ಮೂಳೆ, ಪಕ್ಕೆಲುಬು, ಬೆನ್ನೆಲುಬು, ಸೊಂಟದ ಮೂಳೆ ಮೊದಲಾದ ಕೆಲವಕ್ಕೆ ಮಾತ್ರ ಆ ಉದ್ಯೋಗ.

ಮೂಳೆಯೇ ರಕ್ತದ ತವರುಮನೆಯೆಂದು 1868ರಲ್ಲಿ ಕಂಡುಹಿಡಿದವರು ಪ್ರಶ್ಯದ ಕ್ಯೋನಿಗ್ಸ್‌ಬರ್ಗ್ ನಗರದ ಅರ್ನ್‌ಸ್ಟ್ ನಾಯ್ಮನ್. ಮೊಲದ ಮೂಳೆಯನ್ನೂ ಮನುಷ್ಯನ ಮೂಳೆಯನ್ನೂ ಒತ್ತಿ, ಜಿನುಗಿದ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇನ್ನೂ ಬಲಿಯದ ಕೆಂಪು ಕಣಗಳನ್ನು ಅವರು ಕಂಡರು. ಇಟಲಿಯ ಬಿಟ್ಸೊಟ್ಸೆರೊ ಕೂಡ ಅದೇ ವರ್ಷ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. ಕೆಂಪು ಬಿಳಿ ಎಂಬ ಭೇದವಿಲ್ಲದೆ ಎಲ್ಲ ಕಣಗಳಿಗೂ ಮೂಲಪುರುಷನೊಬ್ಬನೇ ಇರಬೇಕೆಂದು ರಷ್ಯದ ಮಾಕ್ಸಿಮೊವ್ 1909ರಲ್ಲಿ ವಾದಿಸಿದರು. ವಾದವೇನೋ ಸೊಗಸಾಗಿದ್ದಿತು, ಆ ಮೂಲಪುರುಷನನ್ನು ಕಂಡವರಿರಲಿಲ್ಲ.

ಆಮೇಲೆ ಬಂದಿತು 1945ನೆಯ ಇಸವಿಯ ಆಗಸ್ಟ್ ತಿಂಗಳು. ಹಿರೋಷಿಮ ಮತ್ತು ನಾಗಸಾಕಿಗಳಲ್ಲಿ ಸಿಡಿತದಿಂದಲೂ ಬೆಂಕಿಯಿಂದಲೂ ಪಾರಾದ ಅನೇಕರು ಕೆಲವು ದಿನ ಚೇತರಿಸಿಕೊಂಡವರಂತೆ ಕಂಡು, ಎರಡು ಮೂರು ವಾರಗಳ ತರುವಾಯ ಇದ್ದಕ್ಕಿದ್ದಂತೆ ಕುಸಿದರು. ಕೂದಲುದುರಿತು, ಒಸಡಿನಲ್ಲಿ ರಕ್ತ ಒಸರಿತು, ಚರ್ಮದ ಮೇಲೆ ಕೆನ್ನೀಲಿ ಚುಕ್ಕೆಗಳೆದ್ದುವು, ಗಂಟಲ ಹುಣ್ಣು ಜ್ವರವಾಗಿ ಪ್ರಾಣವನ್ನೇ ಒಯ್ದಿತು. ವಿಕಿರಣವು ಅವರ ನೆತ್ತರಿನಲ್ಲಿದ್ದ ಕಣಗಳಿಗಿಂತ ಹೆಚ್ಚಾಗಿ ಮೂಳೆಯೊಳಗಿನ ಬೀಜವನ್ನು ಸುಟ್ಟಿದ್ದಿತು. ಇದ್ದ ಕಣಗಳು ತಮ್ಮ ಆಯುಷ್ಯವನ್ನು ಮುಗಿಸುವವರೆಗೆ ಮನುಷ್ಯನೂ ಇದ್ದನು. ಅವು ಮುಗಿದಾಗ ಹಿಂದಿನಿಂದ ಬರುವವರು ಇರಲಿಲ್ಲ. ಮಜ್ಜೆಯ ಬಗೆಗೆ ವಿಜ್ಞಾನಿಗಳು ಮುಂದಿನ ವರ್ಷಗಳಲ್ಲಿ ಪಟ್ಟ ಶ್ರಮಕ್ಕೆಲ್ಲ ಹಿನ್ನೆಲೆ ಈ ಭಯವೇ. ಜ್ಞಾನವು ಇಂತಹ ಬಾಗಿಲಿನಿಂದಲೂ ಒಳಗೆ ಬರುವುದುಂಟು.

1949ರಲ್ಲಿ ಷಿಕಾಗೋದ ಲಿಯಾನ್ ಜೇಕಬ್‌ಸನ್ ಇಲಿಯ ಗುಲ್ಮವನ್ನು ಸೀಸದಿಂದ ಮರೆಮಾಡಿ ಉಳಿದ ಮೈಗೆಲ್ಲ ವಿಕಿರಣವನ್ನು ಹಾಯಿಸಿದರು. ಸಾಯಬೇಕಾದ ಇಲಿಗಳಲ್ಲಿ ಬಹಳಷ್ಟು ಬದುಕಿದುವು. ಗುಲ್ಮದಿಂದ ಯಾವುದೋ ರಸ ಹೊರಟು ಮಜ್ಜೆಯನ್ನು ಚೇತರಿಸುತ್ತಿದೆ ಎಂದು ಅವರ ಊಹೆ. ಎರಡು ವರ್ಷಗಳ ಮೇಲೆ ಎಗೋನ್ ಲೊರೆನ್ಸ್ ಮತ್ತವರ ಸಂಗಡಿಗರು ಮಜ್ಜೆಯನ್ನೇ ಸೂಜಿಯಿಂದ ಚುಚ್ಚಿದರೂ ಪ್ರಾಣಿ ಬದುಕುವುದೆಂದು ತೋರಿಸಿದರು. ರಸವೋ ಕಣವೋ ಎಂಬ ಚರ್ಚೆ ಮುಂದುವರಿಯಿತು. 1956ರಲ್ಲಿ ಇಂಗ್ಲೆಂಡಿನ ಹಾರ್‌ವೆಲ್‌ನಲ್ಲಿ ಚಾರ್ಲ್ಸ್ ಫೋರ್ಡ್ ಮತ್ತವರ ಸಂಗಡಿಗರು, ವಿಲಕ್ಷಣ ಗುರುತುಳ್ಳ ವರ್ಣತಂತುವೊಂದಿದ್ದ ಇಲಿಯ ಕಣಗಳನ್ನು ದಾನವಾಗಿ ಕೊಟ್ಟು, ಬದುಕಿದ ಇಲಿಯ ಮಜ್ಜೆಯಲ್ಲಿ ಅದೇ ಗುರುತನ್ನು ಕಂಡರು. ಚರ್ಚೆ ಮುಗಿಯಿತು. ಬದುಕಿಸಿದ್ದು ರಸವಲ್ಲ, ವಲಸೆ ಬಂದು ನೆಲೆನಿಂತ ಕಣಗಳು. ಇಂತಹ ಪ್ರಾಣಿಗೆ ಗ್ರೀಕರ ಪುರಾಣದ ಸಿಂಹ, ಆಡು, ಹಾವು ಕೂಡಿದ ಮೃಗದ ಹೆಸರಿಟ್ಟು ಕೈಮೆರ ಎಂದು ಕರೆದರು. ಕನ್ನಡದಲ್ಲಿ ಶರಭವೆಂದರೂ ನಡೆದೀತು.

ಮತ್ತೆ ಟೊರಾಂಟೊಗೆ. ಮೆಕಲಕ್ ಅವರ ಜೊತೆಗಾರ ಜೇಮ್ಸ್ ಟಿಲ್ ಭೌತಶಾಸ್ತ್ರಜ್ಞರು. ಪಶ್ಚಿಮ ಕೆನಡಾದ ಬಯಲಿನಲ್ಲಿ ಹೊಲದ ಮನೆಯಲ್ಲಿ ಬೆಳೆದವರು. ಮೆಕಲಕ್ ನಗರದಲ್ಲಿ ಬೆಳೆದ ವೈದ್ಯರು. ಸ್ವಭಾವದಲ್ಲಿ ಒಬ್ಬರಿಗೊಬ್ಬರು ಹೋಲದಿದ್ದರೂ ಜೋಡಿ ಚೆನ್ನಾಗಿ ಕೂಡಿಬಂದಿತು. ಗಂಟಿನ ವಿಷಯವನ್ನು ಅವರಿಬ್ಬರೂ 1961ರಲ್ಲಿ ಪ್ರಕಟಿಸಿದರು. ಒಂದೊಂದು ಗಂಟೂ ಒಂದೇ ಒಂದು ಕಣದ ಸಂತಾನವಾಗಿರಬೇಕೆಂದು ಅವರಿಗೆ ಅನುಮಾನ, ಅನುಮಾನವನ್ನು ಪ್ರಮಾಣವೆನ್ನಲಾದೀತೆ? 1963ರಲ್ಲಿ ಅವರ ವಿದ್ಯಾರ್ಥಿ ಆಂಡ್ರೂ ಬೆಕರ್ ಆ ಕೆಲಸವನ್ನು ಮಾಡಿದರು. ದಾನದ ಕಣಗಳ ವರ್ಣತಂತುಗಳು ವಿಕಿರಣದಿಂದ ಒಂದೊಂದು ಬಗೆಯಾಗಿ ಮುರಿದು ಕೂಡಿಕೊಳ್ಳುವಂತೆ ಮಾಡಿದರು. ಒಂದು ಗಂಟಿನೊಳಗಿನ ಕಣಗಳಲ್ಲೆಲ್ಲ ಮುರಿತದ ಒಂದೇ ಗುರುತು ಕಂಡಿತು. ಒಂದು ಊರಿನವರೆಲ್ಲರ ಕೆನ್ನೆಯ ಮೇಲೂ ಒಂದೇ ಮಚ್ಚೆ ಕಂಡರೆ ಅವರು ಒಬ್ಬನೇ ಅಜ್ಜನ ಮಕ್ಕಳು ಮೊಮ್ಮಕ್ಕಳು ಎನ್ನಬಹುದಷ್ಟೆ, ಹಾಗೆ.

ಹೀಗೆ ಮಾಕ್ಸಿಮೊವರ ಮೂಲಪುರುಷನಿಗೆ ಸಾಕ್ಷ್ಯ ದೊರೆಯಿತು. ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎನ್ನುವ ಇದನ್ನು ಕನ್ನಡದಲ್ಲಿ ಆಕರಕೋಶವೆನ್ನುವುದು ರೂಢಿಯಾಗಿದೆ, ಒಳ್ಳೆಯ ಪದ. ಎರಡು ಶಕ್ತಿಗಳಿದ್ದ ಕೋಶಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ತನ್ನಂತಹುದೇ ಇನ್ನೊಂದನ್ನು ಹಡೆಯಬೇಕು. ತನಗಿಂತ ಬೇರೆಯಾದ ನಾನಾ ಬಗೆಯ ಮಕ್ಕಳನ್ನೂ ಹಡೆಯಬೇಕು. ಮೊದಲನೆಯ ಶಕ್ತಿಯಿಲ್ಲದಿದ್ದರೆ ಬೀಜ ಮುಗಿದುಹೋಗುತ್ತದೆ. ಎರಡನೆಯದಿಲ್ಲದಿದ್ದರೆ ಬೀಜ ಬೀಜವಾಗಿಯೇ ಉಳಿಯುತ್ತದೆ. ಟೊರಾಂಟೊದ ಗಂಟುಗಳನ್ನು ಬೆಳೆಸಿದ ಕೋಶಗಳಲ್ಲಿ ಹೆಚ್ಚಿನವು ನಿಜವಾದ ಮೂಲಪುರುಷನಿಗಿಂತ ಒಂದೆರಡು ತಲೆಮಾರು ಕಿರಿಯವೆಂದು ತರುವಾಯ ಗೊತ್ತಾಯಿತು. ಅದರಿಂದ ಆ ನಕ್ಷೆಯ ಬೆಲೆಯೇನೂ ಕುಂದಲಿಲ್ಲ. 1988ರಲ್ಲಿ ಅಮೆರಿಕದ ಇರ್ವಿಂಗ್ ವೈಸ್‌ಮನ್ ಮತ್ತವರ ಸಂಗಡಿಗರು ಇಲಿಯ ರಕ್ತದ ಆಕರಕೋಶಗಳನ್ನು ಬೇರ್ಪಡಿಸಿದರು. 1996ರಲ್ಲಿ ಜಪಾನಿನ ವಿಜ್ಞಾನಿಗಳು ಒಂದೇ ಒಂದು ಕೋಶವನ್ನು ಚುಚ್ಚಿ ಇಲಿಯ ಇಡೀ ರಕ್ತಸಂಸಾರ ಮರಳಿ ಹುಟ್ಟಬಲ್ಲುದೆಂದು ತೋರಿಸಿದರು.

ಬೆಳೆದ ಮನುಷ್ಯನಲ್ಲಿ ದುಡಿಯುವ ಆಕರಕೋಶಗಳು 50 ಸಾವಿರದಿಂದ 2 ಲಕ್ಷದವರೆಗೆ ಇರಬಹುದೆಂದು 2018ರ ಒಂದು ಅಂದಾಜು. ದಿನಕ್ಕೆ ಸಾವಿರಾರು ಕೋಟಿ ಕಣಗಳನ್ನು ಒದಗಿಸುವ ಮನೆಗೆ ಬಂಡವಾಳ ಇಷ್ಟೇ! ಇನ್ನೂ ವಿಚಿತ್ರವೆಂದರೆ ಈ ಕೋಶಗಳು ಬಹುಪಾಲು ಕಾಲ ಮಲಗಿರುತ್ತವೆ. ಒಂದು ಕೋಶ ವರ್ಷಕ್ಕೆ ಒಂದೋ ಎರಡೋ ಸಲ ಒಡೆದು ಎರಡಾದರೆ ಉಂಟು. ಬಯಲುಸೀಮೆಯ ರೈತನ ಮನೆಯಲ್ಲಿ ಬಿತ್ತನೆಯ ಬೀಜಕ್ಕೆ ಇದ್ದ ಮರ್ಯಾದೆಯನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಹಗೇವಿನ ಜೋಳ ತೀರಿ ಮಕ್ಕಳು ಅಂಬಲಿಗೆ ಅತ್ತರೂ ಬಿತ್ತನೆಗೆಂದು ಬೂದಿ ಬೆರೆಸಿ ಮಡಕೆಯಲ್ಲಿ ಬಾಯಿ ಕಟ್ಟಿಟ್ಟ ಬೀಜವನ್ನು ಅಜ್ಜಿ ಮುಟ್ಟಗೊಡುತ್ತಿರಲಿಲ್ಲ. ಕೋಶವು ಒಡೆಯುವಾಗಲೆಲ್ಲ ತನ್ನೊಳಗಿನ ಅನುವಂಶಿಕ ಬರಹವನ್ನು ಪ್ರತಿಮಾಡಬೇಕು. ಪ್ರತಿಮಾಡುವಾಗಲೆಲ್ಲ ತಪ್ಪು ನುಸುಳಬಹುದು. ಹಳೆಯ ಓಲೆಗರಿಗಳ ಲಿಪಿಕಾರರನ್ನು ಬಲ್ಲವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಮೂಲಪ್ರತಿಯನ್ನು ಆದಷ್ಟು ಮುಟ್ಟದೆ, ಅದರ ಒಂದೆರಡು ಪ್ರತಿಗಳಿಂದಲೇ ಸಾವಿರಾರು ಪ್ರತಿಗಳನ್ನು ಎತ್ತುವ ಏರ್ಪಾಡು ಮಜ್ಜೆಯಲ್ಲಿದೆ. ನಡುವಿನ ತಲೆಮಾರಿನ ಕೋಶಗಳು ಬಿರುಸಾಗಿ ಒಡೆದು ಹೆಚ್ಚುತ್ತವೆ, ಮೂಲ ಸುಮ್ಮನಿರುತ್ತದೆ.

ಸುಮ್ಮನಿರಿಸುವವರು ಯಾರು? ಮ್ಯಾಂಚೆಸ್ಟರಿನ ರೇ ಸ್ಕೋಫೀಲ್ಡ್ 1978ರಲ್ಲಿ ಇದಕ್ಕೊಂದು ಉತ್ತರ ಸೂಚಿಸಿದರು. ಆಕರಕೋಶದ ಗುಣ ಕೋಶದಲ್ಲಿ ಮಾತ್ರವಿಲ್ಲ, ಅದು ಕುಳಿತ ಸ್ಥಳದಲ್ಲಿಯೂ ಇದೆ ಎಂಬುದು ಅವರ ಮತ. ಆ ಸ್ಥಳವನ್ನು ಅವರು ಗೋಡೆಯ ಗೂಡೆಂಬ ಅರ್ಥದ ನಿಶ್ ಎಂಬ ಹೆಸರಿನಿಂದ ಕರೆದರು. ಮಜ್ಜೆಯ ಕಿರಿಯ ರಕ್ತನಾಳಗಳ ಮಗ್ಗುಲಲ್ಲಿ ಈ ಗೂಡುಗಳಿವೆ. ನಾಳದ ಗೋಡೆಯ ಕೋಶಗಳು, ಅವುಗಳನ್ನು ಸುತ್ತಿದ ಆಸರೆಯ ಕೋಶಗಳು, ನರದ ತುದಿಗಳು ಎಲ್ಲವೂ ಸೇರಿ ಆಕರಕೋಶವನ್ನು ಹಿಡಿದಿಡುತ್ತವೆ. ಅಲ್ಲಿಯೇ ಇರು ಎಂದು ಒಂದು ರಸ ಹೇಳುತ್ತದೆ. ಮಲಗು ಎಂದು ಇನ್ನೊಂದು. ಗೂಡನ್ನು ಬಿಟ್ಟು ಹೊರಬಂದ ಕೋಶ ಕ್ರಮೇಣ ಬೀಜತನವನ್ನು ಕಳೆದುಕೊಂಡು ಕೂಲಿಯ ದಾರಿ ಹಿಡಿಯುತ್ತದೆ. ಒಂದಷ್ಟು ಆಕರಕೋಶಗಳು ಪ್ರತಿದಿನವೂ ನೆತ್ತರಿಗೆ ಇಳಿದು ತಿರುಗಾಡಿ ಮತ್ತೆ ಮಜ್ಜೆಗೆ ಹಿಂದಿರುಗುವುದೂ ಉಂಟು. ಈ ಹೋಗಿಬರುವುದಕ್ಕೆ ಹಗಲು ಇರುಳಿನ ತಾಳವಿದೆಯೆಂದೂ ಆ ತಾಳವನ್ನು ಹಾಕುವುದು ನರಗಳೆಂದೂ 2008ರಲ್ಲಿ ಇಲಿಗಳಲ್ಲಿ ಕಂಡುಬಂದಿತು.

ಬೀಜ ಮಲಗಿರಲಿ, ಬೆಳೆಯ ಅಳತೆಯನ್ನು ಇಡುವವರು ಬೇರೆ ಇದ್ದಾರೆ. ಕೆಂಪು ಕಣಗಳ ಮೇಲ್ವಿಚಾರಣೆ ಎಲ್ಲಿಂದ ನಡೆಯುತ್ತದೆ ಎಂದು ಕೇಳಿದರೆ ಮೂತ್ರಪಿಂಡದಿಂದ ಎಂದು ಊಹಿಸುವವರು ವಿರಳ. ಲೇಹ್‌ನಂತಹ ಎತ್ತರದ ಊರಿಗೆ ಹೋದವನ ನೆತ್ತರಿನಲ್ಲಿ ಆಮ್ಲಜನಕ ಕಡಮೆಯಾದಾಗ ಮೂತ್ರಪಿಂಡವು ಅದನ್ನು ಅರಿತು ಎರಿತ್ರೊಪೊಯೆಟಿನ್ ಎಂಬ ರಸವನ್ನು ಸುರಿಸುತ್ತದೆ. ಮಜ್ಜೆಯು ಆ ಆಜ್ಞೆಯಂತೆ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ಇಂತಹ ರಸವೊಂದು ಇರಬೇಕೆಂದು ಪ್ಯಾರಿಸ್ಸಿನ ಕಾರ್ನೊ ಮತ್ತು ಅವರ ಸಹಾಯಕಿ 1906ರಲ್ಲಿಯೇ ಹೇಳಿದ್ದರು. ಅದನ್ನು ಹಿಡಿದುಕೊಟ್ಟವರ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು.

ಗುಲ್ಮಕ್ಕೆ ಸೀಸ ಕಟ್ಟಿದ ಜೇಕಬ್‌ಸನ್ನರೇ 1955ರಲ್ಲಿ ಯೂಜೀನ್ ಗೋಲ್ಡ್‌ವಾಸರ್ ಎಂಬ ಕಿರಿಯ ರಸಾಯನಶಾಸ್ತ್ರಜ್ಞರಿಗೆ ಈ ರಸವನ್ನು ಶುದ್ಧರೂಪದಲ್ಲಿ ಹುಡುಕಿರೆಂದು ಹೇಳಿದರು. ಕೆಲವು ತಿಂಗಳ ಕೆಲಸವೆಂದು ಕೈಹಾಕಿದ್ದು. ಹಿಡಿದದ್ದು ಇಪ್ಪತ್ತು ವರ್ಷಕ್ಕೂ ಮಿಕ್ಕ ಕಾಲ. ಕುರಿಗಳಿಗೆ ರಕ್ತಹೀನತೆಯನ್ನು ಉಂಟುಮಾಡಿ ಅವುಗಳ ನೆತ್ತರನ್ನು ವರ್ಷಗಟ್ಟಲೆ ಸೋಸಿದರೂ ಸಾಕಷ್ಟು ದೊರೆಯಲಿಲ್ಲ. ಆಗ ಜಪಾನಿನ ಕುಮಾಮೊಟೊದಿಂದ ಟಕಾಜಿ ಮಿಯಾಕೆ ಎಂಬ ವೈದ್ಯವಿಜ್ಞಾನಿ ಕಾಗದ ಬರೆದರು. ಮಜ್ಜೆ ಬತ್ತಿಹೋದ ರೋಗಿಗಳ ಮೂತ್ರದಲ್ಲಿ ಈ ರಸ ಹೆಚ್ಚಾಗಿರುತ್ತದೆ. ಆಜ್ಞೆಯನ್ನು ಕೇಳುವವರಿಲ್ಲದಿದ್ದರೂ ಮೂತ್ರಪಿಂಡ ಕೂಗುತ್ತಲೇ ಇರುತ್ತದಷ್ಟೆ. ಅಂತಹ ರೋಗಿಗಳಿಂದ ಮಿಯಾಕೆ 2,550 ಲೀಟರು ಮೂತ್ರವನ್ನು ಸಂಗ್ರಹಿಸಿ ಬತ್ತಿಸಿದ್ದರು. 1975ರಲ್ಲಿ ಷಿಕಾಗೋದ ಒಂದು ಹೋಟೆಲಿನಲ್ಲಿ ಇಬ್ಬರೂ ಮೊದಲ ಸಲ ಭೇಟಿಯಾದರು. ಮಿಯಾಕೆ ತಲೆಬಾಗಿ ವಂದಿಸಿ, ರೇಷ್ಮೆಯ ವಸ್ತ್ರದಲ್ಲಿ ಸುತ್ತಿದ ಗಂಟೊಂದನ್ನು ಕೈಗಿತ್ತರು. ಮಂಗಳದ್ರವ್ಯವನ್ನು ಕೊಡುವ ರೀತಿಯಲ್ಲಿ ಕೊಟ್ಟದ್ದು ಆ ಬತ್ತಿದ ವಸ್ತುವನ್ನು! 1977ರಲ್ಲಿ ಅದರಿಂದ ದೊರೆತ ಶುದ್ಧ ರಸದ ತೂಕ ಸುಮಾರು 8 ಮಿಲಿಗ್ರಾಂ. ಅದರ ಆಧಾರದ ಮೇಲೆ ಮುಂದೆ ಔಷಧ ತಯಾರಾಗಿ 1989ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇಂದು ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ಕೊಡುವ ರಕ್ತವೃದ್ಧಿಯ ಸೂಜಿಮದ್ದು ಅದೇ. ಕಂಪನಿಗಳಿಗೆ ಅದು ಹೊನ್ನಿನ ಹೊಳೆಯಾಯಿತು. ಗೋಲ್ಡ್‌ವಾಸರ್ ಅದಕ್ಕೆ ಪೇಟೆಂಟು ಪಡೆದಿರಲಿಲ್ಲ.

ಪ್ಲೇಟ್‌ಲೆಟ್ಟುಗಳ ಲೆಕ್ಕ ಇನ್ನೂ ಜಾಣತನದ್ದು. ಅವುಗಳನ್ನು ಹುಟ್ಟಿಸುವ ಥ್ರಾಂಬೊಪೊಯೆಟಿನ್ ಎಂಬ ರಸವನ್ನು ಯಕೃತ್ತು ಹೆಚ್ಚುಕಡಮೆ ಒಂದೇ ಸಮನಾಗಿ ತಯಾರಿಸುತ್ತಿರುತ್ತದೆ. ಪ್ಲೇಟ್‌ಲೆಟ್ಟುಗಳು ತಾವೇ ಅದನ್ನು ಹೀರಿಕೊಳ್ಳುತ್ತವೆ. ಅವು ಹೆಚ್ಚಾಗಿದ್ದರೆ ರಸ ಉಳಿಯುವುದಿಲ್ಲ; ಕಡಮೆಯಾದರೆ ರಸ ಮಿಕ್ಕು ಮಜ್ಜೆಗೆ ತಲಪುತ್ತದೆ. ಎಣಿಸುವ ಗುಮಾಸ್ತೆಯಿಲ್ಲದೆ ಎಣಿಕೆ ನಡೆಯುವುದೆಂದರೆ ಹೀಗೆ. ಡೆಂಗೆ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿಯಿತೆಂದು ಮನೆಯವರು ದಿಗಿಲುಬಿದ್ದಿರುವಾಗಲೇ ಮಜ್ಜೆಯೊಳಗೆ ಈ ತಕ್ಕಡಿ ಬಾಗತೊಡಗಿರುತ್ತದೆ; ಜ್ವರ ಕಳೆದ ಕೆಲವು ದಿನಗಳಲ್ಲಿ ಸಂಖ್ಯೆ ಏರುವುದು ಅದರ ಫಲ. ಆಕರಕೋಶವನ್ನು ಮಲಗಿಸಿಡುವ ರಸಗಳಲ್ಲಿ ಒಂದು ಕೂಡ ಇದೇ ಎಂಬುದು 2007ರಲ್ಲಿ ತಿಳಿದುಬಂದಿತು.

ಬಿಳಿಯ ಕಣಗಳ ವಿಷಯದಲ್ಲಿ ಶಾಂತಿಕಾಲದ ಲೆಕ್ಕವೇ ಬೇರೆ, ಯುದ್ಧಕಾಲದ ಲೆಕ್ಕವೇ ಬೇರೆ. ಘನ ಮಿಲಿಮೀಟರು ರಕ್ತದಲ್ಲಿ 4,000ದಿಂದ 11,000ದವರೆಗೆ ಇರತಕ್ಕ ಬಿಳಿಯ ಕಣಗಳು ನ್ಯುಮೋನಿಯ ಬಂದವನಲ್ಲಿ 20,000ಕ್ಕೆ ಏರುವುದನ್ನು ರಕ್ತಪರೀಕ್ಷೆಯ ಚೀಟಿಯಲ್ಲಿ ಅನೇಕರು ನೋಡಿರಬಹುದು. ಏರಿಸುವ ರಸಗಳನ್ನು ಹುಡುಕುವುದಕ್ಕೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಡೊನಾಲ್ಡ್ ಮೆಟ್‌ಕಾಫ್ ಜೀವಮಾನವನ್ನೇ ಸವೆಸಿದರು. 1966ರಿಂದ ಆರಂಭಿಸಿ, ಅಗರ್ ಹಾಕಿದ ಗಾಜಿನ ತಟ್ಟೆಗಳಲ್ಲಿ ಮಜ್ಜೆಯ ಕೋಶಗಳು ಬೆಳೆಸಿದ ಗುಂಪುಗಳನ್ನು ಎಣಿಸುತ್ತ ಕುಳಿತ ಆ ಮನುಷ್ಯನ ತಾಳ್ಮೆ ತಪಸ್ಸಿನಂತಹುದು. ಅವರ ಶ್ರಮದಿಂದಲೂ ಇತರರ ಶ್ರಮದಿಂದಲೂ ದೊರೆತ ಜಿ-ಸಿ-ಎಸ್-ಎಫ್ ಎಂಬ ರಸವನ್ನು 1991ರಿಂದ ಕ್ಯಾನ್ಸರಿನ ಔಷಧಗಳಿಂದ ಬಿಳಿಯ ಕಣಗಳು ಕ್ಷಯಿಸಿದವರಿಗೆ ಕೊಡುತ್ತಿದ್ದಾರೆ.

ಸೋಂಕು ಬಲವಾದಾಗ ಮಾತ್ರ ಮಲಗಿದ ಬೀಜಕ್ಕೂ ಕರೆ ಹೋಗುತ್ತದೆ. ವೈರಸ್ಸಿನ ಎದುರು ದೇಹ ಸುರಿಸುವ ಇಂಟರ್‌ಫೆರಾನ್ ಎಂಬ ರಸ ಆಕರಕೋಶಗಳನ್ನೇ ಎಬ್ಬಿಸುತ್ತದೆಂದು 2009ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಿಂದ ವರದಿಯಾಯಿತು. ಒಂದೆರಡು ಸಲ ಎಬ್ಬಿಸಿದರೆ ಕೇಡಿಲ್ಲ. ತಿಂಗಳುಗಟ್ಟಲೆ ಬಿಡದೆ ಎಬ್ಬಿಸಿದರೆ ಬೀಜ ಸವೆಯುತ್ತದೆ. ದೀರ್ಘಕಾಲದ ಸೋಂಕಿನಿಂದ ನರಳುವವರು ಬಿಳಿಚಿಕೊಳ್ಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದಿರಬಹುದು. ಇನ್ನೊಂದು ಮುಖವೂ ಉಂಟು. ಕೂಸಿನ ತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆ ಕ್ಷಯದ ವಿರುದ್ಧವಾದದ್ದು. ಆದರೂ ಅದು ಮಜ್ಜೆಯ ಆಕರಕೋಶಗಳಿಗೆ ಒಂದು ಬಗೆಯ ಶಿಕ್ಷಣವನ್ನು ಕೊಟ್ಟು, ಅವುಗಳ ಮಕ್ಕಳು ಮುಂದೆ ರೋಗಾಣುವಿನೊಡನೆ ಹೆಚ್ಚು ಚುರುಕಾಗಿ ಕಾದುವಂತೆ ಮಾಡುತ್ತದೆಂದು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದುವು. ಕಲಿತದ್ದು ಸೈನಿಕನಿಗಷ್ಟೇ ಅಲ್ಲ, ಸೈನಿಕನನ್ನು ಹೆರುವ ತಾಯಿಗೂ ನೆನಪಿರುತ್ತದೆ.

ಶತ್ರುವಿನ ಗುರುತು ಹಿಡಿಯುವ ಲಿಂಫ್‌ಕಣಗಳೂ ಇದೇ ಆಕರದ ಸಂತಾನ. ಅವುಗಳಲ್ಲಿ ಒಂದು ಪಂಗಡ ಮಜ್ಜೆಯಲ್ಲಿಯೇ ಬಲಿಯುತ್ತದೆ. ಇನ್ನೊಂದು ಪಂಗಡ ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಗೆ ವಿದ್ಯಾಭ್ಯಾಸಕ್ಕೆ ಹೋಗುತ್ತದೆ. ಬೆಳೆದವರಲ್ಲಿ ಕುಗ್ಗುವ ಈ ಗ್ರಂಥಿ ನಿರುಪಯೋಗಿಯೆಂದೇ ಬಹುಕಾಲ ತಿಳಿದಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಹುಟ್ಟಿದೊಡನೆಯೇ ಅದನ್ನು ತೆಗೆದ ಇಲಿಮರಿಗಳು ರೋಗವನ್ನು ತಡೆಯಲಾರದೆ ಸಾಯುವುದನ್ನು ತೋರಿಸಿದರು. ಆ ಶಾಲೆಯ ಪರೀಕ್ಷೆ ಬಹಳ ಕಠಿನ. ಹೊಕ್ಕವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸಾಯುತ್ತಾರೆ. ತನ್ನ ಮೈಯನ್ನೇ ಶತ್ರುವೆಂದು ಭಾವಿಸುವವನಿಗೂ, ಏನನ್ನೂ ಗುರುತಿಸಲಾರದವನಿಗೂ ಅಲ್ಲಿ ತೇರ್ಗಡೆಯಿಲ್ಲ.

ಒಬ್ಬರ ಮಜ್ಜೆಯನ್ನು ಇನ್ನೊಬ್ಬರಿಗೆ ಕೊಡುವ ಮಾತು ಬಂದಾಗ ತೊಡಕಾದದ್ದು ಈ ವಿದ್ಯಾವಂತ ಸೈನಿಕರಿಂದಲೇ. 1957ರಲ್ಲಿ ಅಮೆರಿಕದ ಡೊನಾಲ್ ಥಾಮಸ್ ಆರು ಮಂದಿ ರೋಗಿಗಳಿಗೆ ಮಜ್ಜೆಯನ್ನು ಕೊಟ್ಟರು. ಯಾರೂ ನೂರು ದಿನ ದಾಟಲಿಲ್ಲ. ಮರುವರ್ಷ ಯುಗೊಸ್ಲಾವಿಯದ ವಿಂಚದಲ್ಲಿ ಪರಮಾಣು ಕುಲುಮೆಯ ಅಪಘಾತಕ್ಕೆ ಸಿಕ್ಕಿದ ಆರು ಮಂದಿಯನ್ನು ಪ್ಯಾರಿಸ್ಸಿಗೆ ಕರೆತಂದಾಗ ಜಾರ್ಜ್ ಮಾತೆ ಅವರಲ್ಲಿ ಐವರಿಗೆ ಫ್ರೆಂಚ್ ದಾನಿಗಳ ಮಜ್ಜೆಯನ್ನು ಸೇರಿಸಿದರು. ಒಬ್ಬರು ತೀರಿಕೊಂಡರು, ಉಳಿದವರು ಬದುಕಿದರು. ದಾನದ ಮಜ್ಜೆ ಕೆಲವು ವಾರ ಆಸರೆಯಾಗಿದ್ದು, ಆಮೇಲೆ ಅವರ ಸ್ವಂತ ಮಜ್ಜೆಯೇ ಚಿಗುರಿತೆಂದು ತಜ್ಞರ ಅಭಿಪ್ರಾಯ. ಉಳಿದ ಅಂಗಗಳ ಕಸಿಯಲ್ಲಿ ಮನೆಯವನು ಅತಿಥಿಯನ್ನು ಹೊರದೂಡುವ ಭಯ. ಮಜ್ಜೆಯ ಕಸಿಯಲ್ಲಿ ಅತಿಥಿಯೇ ಮನೆಯವನ ಮೇಲೆ ಬೀಳುವ ಭಯವೂ ಉಂಟು. ಚರ್ಮ, ಕರುಳು, ಯಕೃತ್ತುಗಳೆಲ್ಲವನ್ನೂ ದಾನದ ಕಣಗಳು ಪರಕೀಯವೆಂದು ತಿಂದುಹಾಕುತ್ತವೆ. 1960ರ ದಶಕದಲ್ಲಿ ಅನೇಕರು ಕೈಚೆಲ್ಲಿದರು. ಥಾಮಸ್ ಮತ್ತು ಅವರ ಪತ್ನಿ ಡಾಟಿ ಬಿಡಲಿಲ್ಲ. ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಜೀವಕೋಶದ ಮೇಲಿನ ಕುಲಚಿಹ್ನೆಗಳು ಹೊಂದುವ ದಾನಿಯನ್ನು ಆರಿಸುವ ಕ್ರಮವನ್ನು ರೂಢಿಸಿದರು. 1977ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಲ್ಲಿ, ಬೇರೆ ಯಾವ ಉಪಾಯವೂ ಉಳಿಯದ 100 ಮಂದಿ ರಕ್ತಕ್ಯಾನ್ಸರ್ ರೋಗಿಗಳ ಪೈಕಿ 13 ಮಂದಿ ರೋಗಮುಕ್ತರಾಗಿ ಬದುಕಿದ್ದರು. ಹದಿಮೂರು ಸಣ್ಣ ಸಂಖ್ಯೆಯೆನ್ನುವವರು ಅದಕ್ಕೆ ಮೊದಲು ಅದು ಸೊನ್ನೆಯಾಗಿದ್ದಿತೆಂಬುದನ್ನು ಮರೆಯಬಾರದು. 1990ರಲ್ಲಿ ಥಾಮಸರಿಗೆ ನೊಬೆಲ್ ಪಾರಿತೋಷಕ ಬಂದಿತು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1986ರಲ್ಲಿಯೂ ಈ ಚಿಕಿತ್ಸೆಯನ್ನು ಆರಂಭಿಸಿದುವು. ತಿಂಗಳು ತಿಂಗಳೂ ಪರರ ರಕ್ತವನ್ನು ಏರಿಸಿಕೊಂಡು ಬದುಕುವ ಥಲಸ್ಸೀಮಿಯದ ಮಕ್ಕಳಿಗೆ ಇದು ಹೊಸ ಬಾಳನ್ನೇ ತಂದಿದೆ.

ಸತ್ಯವಾದದ್ದು ಇಷ್ಟಿರುವಾಗ ಸುಳ್ಳಿನ ವ್ಯಾಪಾರವೂ ಬೆಳೆಯದಿರುವುದೆ? ಆಕರಕೋಶದ ಹೆಸರು ಹೇಳಿ ಪಾರ್ಶ್ವವಾಯು, ಬುದ್ಧಿಮಾಂದ್ಯ, ಮಂಡಿನೋವು, ಸಕ್ಕರೆರೋಗ ಎಲ್ಲವನ್ನೂ ಗುಣಪಡಿಸುವೆವೆಂದು ಲಕ್ಷಗಟ್ಟಲೆ ಹಣ ಕೀಳುವವರು ದೇಶದಲ್ಲಿ ಕಡಮೆಯಿಲ್ಲ. ಹೊಲ ಮಾರಿ ಬಂದ ತಂದೆತಾಯಿಗಳಿಗೆ ಯಾವುದು ನಿಜವೆಂದು ಹೇಳುವವರು ಯಾರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2017ರ ತನ್ನ ಮಾರ್ಗಸೂಚಿಯಲ್ಲಿ, ರಕ್ತದ ಆಕರಕೋಶಗಳ ಕಸಿಯನ್ನು ರಕ್ತಸಂಬಂಧದ ರೋಗಗಳೇ ಮೊದಲಾದ ಅಂಗೀಕೃತ ಪಟ್ಟಿಯ ರೋಗಗಳಿಗೆ ಮಾತ್ರ ಚಿಕಿತ್ಸೆಯಾಗಿ ಕೊಡಬಹುದೆಂದೂ, ಉಳಿದುದೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿದೆಯೆಂದೂ ಸ್ಪಷ್ಟವಾಗಿ ಬರೆದಿದೆ. ಪ್ರಯೋಗಕ್ಕೆ ಒಳಗಾಗುವವನಿಂದ ಹಣ ಕೇಳುವುದು ನ್ಯಾಯವಲ್ಲ, ಕೇಳಿದರೆ ಸಂಶಯಪಡಬೇಕು.

ವಯಸ್ಸಾದಂತೆ ಈ ಬೀಜದ ಮಡಕೆಗೂ ಹುಳು ಹಿಡಿಯುತ್ತದೆ. ಯೌವನದಲ್ಲಿ ಹತ್ತಾರು ಸಾವಿರ ಆಕರಕೋಶಗಳು ಸರದಿಯ ಮೇಲೆ ದುಡಿಯುತ್ತಿದ್ದರೆ, 70 ದಾಟಿದವರಲ್ಲಿ ಹತ್ತು ಹದಿನೆಂಟು ಮೂಲಗಳ ಸಂತಾನವೇ ರಕ್ತದ ಮೂರರಲ್ಲೊಂದು ಪಾಲಿನಿಂದ ಅರ್ಧಕ್ಕೂ ಹೆಚ್ಚನ್ನು ಆಕ್ರಮಿಸಿಕೊಂಡಿರುತ್ತದೆಂದು 2022ರ ಅಧ್ಯಯನವೊಂದು ತೋರಿಸಿತು. ಪ್ರತಿಮಾಡುವಾಗ ನುಸುಳಿದ ಯಾವುದೋ ತಪ್ಪು ಅವುಗಳಿಗೆ ಉಳಿದವರನ್ನು ಹಿಂದೆ ಹಾಕುವ ಬಲವನ್ನು ಕೊಟ್ಟಿರುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಕೆಲವರಲ್ಲಿ ಇದು ರಕ್ತಕ್ಯಾನ್ಸರಿಗೂ, ಹೃದಯದ ಬೇನೆಗೂ ಹಾದಿಯಾಗುತ್ತದೆ.

ದಾನಕ್ಕೆ ಇಂದು ಸೊಂಟದ ಮೂಳೆಯನ್ನು ಚುಚ್ಚಬೇಕಾದ ಸಂದರ್ಭಗಳು ಕಡಮೆಯಾಗಿವೆ. ದಾನಿಗೆ ನಾಲ್ಕೈದು ದಿನ ಮೆಟ್‌ಕಾಫರ ಆ ರಸದ ಸೂಜಿಮದ್ದನ್ನು ಕೊಟ್ಟರೆ ಗೂಡುಗಳ ಹಿಡಿತ ಸಡಿಲವಾಗಿ ಆಕರಕೋಶಗಳು ನೆತ್ತರಿಗೆ ಇಳಿಯುತ್ತವೆ. ತೋಳಿನ ರಕ್ತನಾಳದಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಬೇಕಾದ ಕೋಶಗಳನ್ನು ಸೋಸಿಕೊಂಡು, ಮಿಕ್ಕದ್ದನ್ನು ಹಿಂದಕ್ಕೆ ಕೊಡುತ್ತಾರೆ. ಒಡಹುಟ್ಟಿದವರ ಚಿಹ್ನೆಗಳು ಪೂರ್ತಿಯಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ತಂಗಿಯ ಕೋಶಗಳು ಅಣ್ಣನ ರಕ್ತನಾಳದಲ್ಲಿ ಇಳಿದು, ಯಾರೂ ದಾರಿ ತೋರಿಸದೆಯೇ ಅವನ ಮೂಳೆಯೊಳಗಿನ ಬರಿದಾದ ಗೂಡುಗಳನ್ನು ಹುಡುಕಿಕೊಂಡು ಹೋಗಿ ಕೂರುತ್ತವೆ. ಎರಡು ಮೂರು ವಾರಗಳಲ್ಲಿ ಹೊಸ ಬಿಳಿಯ ಕಣಗಳು ಕಾಣಿಸಿಕೊಳ್ಳುತ್ತವೆ. ತಂಗಿಯದು ಓ ಗುಂಪು, ಅಣ್ಣನದು ಬಿ ಗುಂಪಾಗಿದ್ದ ಪಕ್ಷದಲ್ಲಿ ಕೆಲವು ತಿಂಗಳಲ್ಲಿ ಅಣ್ಣನ ರಕ್ತವೂ ಓ ಆಗಿಬಿಡುತ್ತದೆ. ಅವನ ಬಿಳಿಯ ಕಣಗಳನ್ನು ಪರೀಕ್ಷಿಸಿದರೆ ವರ್ಣತಂತುಗಳು ಹೆಣ್ಣಿನವು. ಕೊಟ್ಟ ತಂಗಿಯ ಮಜ್ಜೆಯಲ್ಲಿ ಉಂಟಾದ ಕೊರತೆಯೋ, ಕೆಲವೇ ವಾರಗಳಲ್ಲಿ ತುಂಬಿಬರುತ್ತದೆ.